ಮೈಬಣ್ಣದ ಅರಗು

ನಿಮ್ಮ ತಂದೆಯ ಊರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಬಸ್ಸಿಗೆ ಹೊತ್ತಾಗಿರುವವರಂತೆ ಕಂಡರೆ ‘ಉಯ್ಯಂಬಳ್ಳಿ ಕಡೆ’ ಎಂದು ಮುಗಿಸುತ್ತೇನೆ. ಪುರುಸೊತ್ತಿದ್ದವರಂತೆ ಕಂಡರೆ ‘ಉಗಾಂಡ’ ಎನ್ನುತ್ತೇನೆ. ಎರಡೂ ಸುಳ್ಳಲ್ಲ. ಎರಡನೆಯ ಉತ್ತರಕ್ಕೆ ಮಾತ್ರ ಕಾಫಿ ಕುಡಿಯುವಷ್ಟು ಸಮಯ ಬೇಕು.

ಆ ಹೆಸರನ್ನು ಮೊದಲ ಸಲ ಕೇಳಿದಾಗ ನಮ್ಮಜ್ಜಿ, ಅಂದರೆ ಅಮ್ಮನ ತಾಯಿ, ಒಲೆಯ ಮುಂದಿನಿಂದ ಏಳದೆ ಕೇಳಿದ್ದಳಂತೆ: ‘ಉಗಾಂಡ ಅಂದ್ರೆ ಯಾವ ತಾಲ್ಲೂಕು?’

ಅಪ್ಪ ಬಂದದ್ದು ರೇಷ್ಮೆ ಕಲಿಯಲು. ಅವನ ದೇಶದಲ್ಲೂ ರೇಷ್ಮೆ ಬೆಳೆಯಬೇಕೆಂದು ಅಲ್ಲಿಯ ಸರ್ಕಾರಕ್ಕೆ ಮನಸ್ಸು ಬಂದು, ಹತ್ತು ಹನ್ನೆರಡು ಜನರನ್ನು ಮೈಸೂರಿಗೆ ತರಬೇತಿಗೆ ಕಳಿಸಿತ್ತು. ಪಾಠವೆಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನು ಒಬ್ಬೊಬ್ಬ ರೈತನ ಮನೆಯಲ್ಲಿ ಒಂದು ತಿಂಗಳು ಇರಿಸಿದರು. ಅಪ್ಪನ ಪಾಲಿಗೆ ಬಂದದ್ದು ಉಯ್ಯಂಬಳ್ಳಿ ಹತ್ತಿರದ ನಮ್ಮ ತಾತನ ಹುಳುಮನೆ. ತಾತನ ಮಗಳು ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಊರಲ್ಲಿ ಇಂಗ್ಲಿಷು ಬರುವುದು ಅವಳೊಬ್ಬಳಿಗೇ ಎಂದು ಅವಳನ್ನೇ ದುಭಾಷಿ ಮಾಡಿದರು. ಅವಳ ಇಂಗ್ಲಿಷು ಅವನಿಗೆ ಅರ್ಥವಾಗಲಿಲ್ಲ, ಅವನ ಇಂಗ್ಲಿಷು ಅವಳಿಗೆ ಅರ್ಥವಾಗಲಿಲ್ಲ. ಒಂದು ವಾರ ಒದ್ದಾಡಿ ಇಬ್ಬರೂ ಕನ್ನಡಕ್ಕೆ ಇಳಿದರು. ಅಮ್ಮ ಇದನ್ನು ಹೇಳುವಾಗ, ತಾನು ಅವನಿಗೆ ಕನ್ನಡ ಕಲಿಸಿದೆ ಎನ್ನುತ್ತಾಳೆ. ಅಪ್ಪ, ತಾನು ಹುಳುಗಳಿಂದ ಕಲಿತೆ ಎನ್ನುತ್ತಾನೆ.

ಮೊದಲ ದಿನದ ಊಟದ ಕತೆಯನ್ನು ತಾತ ಬದುಕಿರುವವರೆಗೂ ಹೇಳುತ್ತಿದ್ದ. ಹೊರದೇಶದವನಿಗೆ ಮುದ್ದೆ ನುಂಗುವುದು ಹೇಗೆಂದು ತೋರಿಸಲು ತಾತ ತಯಾರಾಗಿ ಕೂತಿದ್ದನಂತೆ. ಅಗಿಯಬಾರದು, ಹಲ್ಲಿಗೆ ತಾಗಿಸಬಾರದು ಎಂದು ಅಮ್ಮನ ಕೈಲಿ ಇಂಗ್ಲಿಷಿನಲ್ಲಿ ಹೇಳಿಸುವಷ್ಟರಲ್ಲಿ, ಅಪ್ಪ ಒಂದು ತುಂಡು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಬಸ್ಸಾರಿಗೆ ಅದ್ದಿ ಗುಳುಂ ಎನಿಸಿ ಎರಡನೆಯ ತುಂಡಿಗೆ ಕೈಹಾಕಿದ್ದ.

‘ಯಾರು ಕಲಿಸಿದ್ರು ಇವನಿಗೆ?’ ಎಂದ ತಾತ.

ಅಪ್ಪ ಹೇಳಿದ್ದನ್ನು ಅಮ್ಮ ಹೇಳಿದಳು. ‘ಅವರವ್ವ ಅಂತೆ. ಅವರೂರಲ್ಲೂ ರಾಗಿ ಮುದ್ದೆ ಮಾಡ್ತಾರಂತೆ. ಕಾಲೋ ಅಂತಾರಂತೆ. ಒಸಿ ಮರಗೆಣಸಿನ ಹಿಟ್ಟು ಸೇರಿಸ್ತಾರಂತೆ.’

ತಾತ ಊಟ ನಿಲ್ಲಿಸಿ ಬಹಳ ಹೊತ್ತು ಯೋಚಿಸಿದ. ಕೊನೆಗೆ ಕೇಳಿದ: ‘ರಾಗಿ ತಿನ್ನೋ ಜನ ಅಷ್ಟು ದೂರ ಯಾಕೋದ್ರು?’

ಇಲ್ಲಿಂದಲೇ ಎದ್ದು ಹೋದವರು ಎಂದೇ ಅವನ ತೀರ್ಮಾನ. ಯಾರೂ ತಿದ್ದಲು ಹೋಗಲಿಲ್ಲ.

ಆದರೆ ಅತಿಥಿಯಾಗಿ ಮುದ್ದೆ ನುಂಗುವುದು ಬೇರೆ, ಅಳಿಯನಾಗಿ ನುಂಗುವುದು ಬೇರೆ. ಅಪ್ಪ ತನ್ನ ದೇಶಕ್ಕೆ ಹೋಗಿ, ಕಾಗದದ ಮೇಲೆ ಕಾಗದ ಬರೆದು, ಒಂದು ದಿನ ಎರಡು ಸೂಟ್‌ಕೇಸ್ ಹಿಡಿದು ವಾಪಸ್ಸು ಬಂದಾಗ ಮನೆಯಲ್ಲಿ ಗುಡುಗು ಸಿಡಿಲು. ತಾತ ಮಾತು ಬಿಟ್ಟ. ಅಜ್ಜಿ ಅತ್ತಳು. ಅವಳ ಆಕ್ಷೇಪಣೆ ಏನೆಂದು ಅಮ್ಮ ನನಗೆ ನಾನು ದೊಡ್ಡವಳಾದ ಮೇಲೆ ಹೇಳಿದಳು. ‘ಅಷ್ಟು ದೂರದಿಂದ ತರೋದೇ ಆಗಿದ್ರೆ ಒಸಿ ಬೆಳ್ಳಗಿರೋನ್ನ ತರಬಾರದಾಗಿತ್ತಾ?’

ರಾಮನಗರದಲ್ಲಿ ರಿಜಿಸ್ಟರ್ ಮದುವೆಯಾಗಿ ಇಬ್ಬರೂ ಕನಕಪುರದಲ್ಲಿ ಮನೆ ಮಾಡಿದರು. ನಾನು ಹುಟ್ಟಿದ ಮೂರನೆಯ ದಿನ ತಾತ ಆಸ್ಪತ್ರೆಗೆ ಬಂದು, ನನ್ನ ಮುಖ ನೋಡಿ, ಅಪ್ಪನನ್ನು ನೋಡಿ, ‘ಕೂದಲು ಗಟ್ಟಿಯಾಗೈತೆ’ ಎಂದನಂತೆ. ಅದೇ ರಾಜಿ. ಮಾತು ಬಿಟ್ಟ ಮನುಷ್ಯ ಕೂದಲು ಹಿಡಿದುಕೊಂಡು ಮತ್ತೆ ಮಾತಿಗೆ ಬಂದ.

ಅಪ್ಪ ಅಮ್ಮ ಸೇರಿ ಚಾಕಿ ಕೇಂದ್ರ ತೆರೆದರು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಹುಳುಗಳನ್ನು ಎಂಟು ಹತ್ತು ದಿನ ಸಾಕಿ ರೈತರಿಗೆ ಕೊಡುವ ಕೆಲಸ ಅದು. ಫೋನ್ ಎತ್ತುತ್ತಿದ್ದವನು ಅಪ್ಪ. ‘ಅಲೋ ಗೌಡ್ರೇ, ಹುಳು ಎರಡನೇ ಜ್ವರ ಬುಟ್ಟವೆ. ನಾಳಿಕ್ ಬೆಳಿಗ್ಗೇನೆ ಗಾಡಿ ತಗೊಂಡ್ ಬನ್ನಿ’ ಎಂದು ಥೇಟ್ ಉಯ್ಯಂಬಳ್ಳಿಯ ಎಳೆತದಲ್ಲಿ ಹೇಳುತ್ತಿದ್ದ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮಾರನೆಯ ದಿನ ಹೊಸ ರೈತ ಬಂದು, ಬಾಗಿಲಲ್ಲಿ ನಿಂತ ಆರಡಿ ಎತ್ತರದ ಅಪ್ಪನನ್ನು ನೋಡಿ, ಅವನ ಹೆಗಲ ಮೇಲಿಂದ ಒಳಗೆ ಇಣುಕಿ ಕೇಳುತ್ತಿದ್ದ: ‘ಓನರ್ ಇಲ್ವಾ? ನಿನ್ನೆ ಫೋನಲ್ಲಿ ಮಾತಾಡಿದ್ರಲ್ಲ, ನಮ್ಮ ಕಡೆಯೋರು.’

‘ನಾನೇ ಕಣಪ್ಪ ಆ ನಿಮ್ಮ ಕಡೆಯೋನು’ ಎನ್ನುತ್ತಿದ್ದ ಅಪ್ಪ.

ಹುಳುಮನೆಯಲ್ಲಿ ಕಲಿತ ಕನ್ನಡವಾದ್ದರಿಂದ ಅವನಿಗೆ ಹುಳುವಿನ ಮಾತು ಬಿಟ್ಟರೆ ಬೇರೆ ಉಪಮೆ ಬರುತ್ತಿರಲಿಲ್ಲ. ನನಗೆ ಜ್ವರ ಬಂದರೆ ‘ಜ್ವರಕ್ಕೆ ಕೂತವ್ಳೆ, ಎದ್ದ ಮೇಲೆ ಚೆನ್ನಾಗಿ ಮೇಯ್ತಾಳೆ’ ಎಂದು ಡಾಕ್ಟರಿಗೆ ಹೇಳುತ್ತಿದ್ದ. ಡಾಕ್ಟರು ಮಾಗಡಿಯ ಕಡೆಯವರು. ಅರ್ಥವಾಗುತ್ತಿತ್ತು.

ನನ್ನ ಬಾಲ್ಯದ ದೊಡ್ಡ ಯುದ್ಧವೆಲ್ಲ ನಡೆದದ್ದು ನನ್ನ ತಲೆಯ ಮೇಲೆ. ಶಾಲೆಯಲ್ಲಿ ಎರಡು ಜಡೆ, ಮಡಚಿ ಕೆಂಪು ರಿಬ್ಬನ್ ಕಟ್ಟಬೇಕೆಂಬ ನಿಯಮ. ನನ್ನ ಕೂದಲು ಯಾವ ನಿಯಮಕ್ಕೂ ಬಗ್ಗುತ್ತಿರಲಿಲ್ಲ. ರಜೆಗೆ ಹೋದಾಗ ಅಜ್ಜಿ ಅದನ್ನು ತನ್ನ ಮರ್ಯಾದೆಯ ಪ್ರಶ್ನೆ ಮಾಡಿಕೊಂಡಳು. ಹರಳೆಣ್ಣೆ ಬಿಸಿ ಮಾಡಿ ಸುರಿದು, ನನ್ನನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದಳು. ಬಾಚಣಿಗೆಯ ಹಲ್ಲು ಮುರಿದು ಕೂದಲಲ್ಲೇ ಉಳಿಯುತ್ತಿತ್ತು. ‘ಕುರಿ ಉಣ್ಣೆ ಆಗಿದ್ರೆ ಕಂಬಳಿನಾದ್ರೂ ನೇಯಬೋದಿತ್ತು’ ಎಂದು ಗೊಣಗುತ್ತಿದ್ದಳು. ಆಮೇಲೆ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ. ಮೈ ಉಜ್ಜಿ ಉಜ್ಜಿ ಬಿಸಿನೀರು ಹೊಯ್ದು, ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದಳು, ಬಣ್ಣ ಬಿಟ್ಟಿತೇ ಎಂದು. ಬಿಡುತ್ತಿರಲಿಲ್ಲ. ಒಂದು ದಿನ ನಾನು ಅತ್ತದ್ದನ್ನು ನೋಡಿ ಹಿಟ್ಟಿನ ಬಟ್ಟಲು ಎತ್ತಿಟ್ಟಳು. ಮತ್ತೆ ತೆಗೆಯಲಿಲ್ಲ. ಕ್ಷಮೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಅವತ್ತು ನನ್ನ ಮುದ್ದೆಗೆ ತುಪ್ಪ ಎರಡು ಚಮಚ ಹೆಚ್ಚು ಬಿತ್ತು.

ಶಾಲೆಯಲ್ಲಿ ನನ್ನ ಹೆಸರು ‘ಸ್ಪ್ರಿಂಗು’. ಅದಕ್ಕೆ ನಾನು ಬೇಗ ಒಗ್ಗಿಹೋದೆ. ಒಗ್ಗದೆ ಹೋದದ್ದು ಪಿ.ಟಿ. ಮೇಷ್ಟ್ರ ಭರವಸೆಗೆ. ನನ್ನ ಅಪ್ಪ ಆಫ್ರಿಕದವನು ಎಂದು ಗೊತ್ತಾದ ದಿನವೇ ಅವರು ನನ್ನನ್ನು ತಾಲ್ಲೂಕು ಮಟ್ಟದ ಓಟಕ್ಕೆ ಸೇರಿಸಿದರು. ನಾನು ಓಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ‘ನೀನು ಓಡೋದು ಬ್ಯಾಡ ಕಣಮ್ಮ, ರಕ್ತ ಓಡ್ತದೆ’ ಎಂದರು. ರಕ್ತ ಓಡಲಿಲ್ಲ. ಎಂಟು ಜನರಲ್ಲಿ ನಾನು ಎಂಟನೆಯವಳಾಗಿ ಬಂದೆ. ಏಳನೆಯವಳ ಚಪ್ಪಲಿ ಕಿತ್ತುಹೋಗಿತ್ತು. ಮೇಷ್ಟ್ರು ಮೈದಾನದಲ್ಲಿ ಬಹಳ ಹೊತ್ತು ಸೊಂಟಕ್ಕೆ ಕೈಕೊಟ್ಟು ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದು, ‘ನಿಮ್ಮಮ್ಮನ ಕಡೆ ಹೋಗ್ಬುಟ್ಟಿದ್ದೀಯ ನೀನು’ ಎಂದು ಸಮಾಧಾನ ಮಾಡಿಕೊಂಡರು.

ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ನನ್ನನ್ನು ತನ್ನೂರಿಗೆ ಕರೆದೊಯ್ದ. ನೈಲ್ ನದಿ ಸರೋವರದಿಂದ ಹೊರಡುವ ಜಾಗಕ್ಕೆ ಹತ್ತಿರದ ಒಂದು ಹಳ್ಳಿ. ಅಲ್ಲಿಯಾದರೂ ಯಾರೂ ತಿರುಗಿ ನೋಡುವುದಿಲ್ಲ ಎಂಬ ಆಸೆಯಿಂದ ನಾನು ಹೋಗಿದ್ದೆ. ಕಾರಿನಿಂದ ಇಳಿದ ಕೂಡಲೇ ಮಕ್ಕಳೆಲ್ಲ ಓಡಿಬಂದು ‘ಮುಯಿಂಡಿ! ಮುಯಿಂಡಿ!’ ಎಂದು ಕುಣಿದವು.

‘ಅಂದರೇನಪ್ಪ?’ ಎಂದೆ.

‘ಇಂಡಿಯಾದೋಳು ಅಂತ’ ಎಂದ ಅಪ್ಪ, ನಗು ತಡೆದುಕೊಂಡು.

ಅಪ್ಪನ ತಾಯಿಯನ್ನು ಅಲ್ಲಿ ಜಜ್ಜಾ ಎನ್ನುತ್ತಾರೆ. ನನಗೆ ಅದು ಅಜ್ಜಿಯನ್ನೇ ಸ್ವಲ್ಪ ತಿರುಚಿದ ಹಾಗೆ ಕೇಳಿಸಿತು, ಹಾಗಾಗಿ ಬಾಯಿಗೆ ಸಲೀಸಾಗಿ ಬಂತು. ಜಜ್ಜಾ ನನ್ನನ್ನು ಮಂಡಿಗಳ ನಡುವೆ ಕೂರಿಸಿಕೊಂಡಳು. ಆ ಹಿಡಿತ ನನಗೆ ಚೆನ್ನಾಗಿ ಗೊತ್ತಿತ್ತು. ತಲೆಯೆಲ್ಲ ಬೆರಳಾಡಿಸಿ ಏನೋ ಹೇಳಿದಳು. ಅಪ್ಪ ಕನ್ನಡದಲ್ಲಿ ಹೇಳಿದ: ‘ಕೂದಲು ತುಂಬ ಮೆತ್ತಗೈತಂತೆ, ಜಾರ್ಕೊಳ್ತದಂತೆ. ನಿಮ್ಮಮ್ಮನ ಕಡೆಯೋರು ಕೆಡಿಸಿದ್ದಾರಂತೆ.’ ಆದರೂ ಅರ್ಧ ದಿನ ಕೂತು ಸಣ್ಣ ಸಣ್ಣ ಜಡೆಗಳನ್ನು ತಲೆಗೆ ಅಂಟಿದಂತೆ ಹೆಣೆದಳು. ಊರಿಗೆ ಬಂದ ಮೇಲೆ ಅಜ್ಜಿ ಅದನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿ, ‘ಗದ್ದೆ ಉತ್ತಂಗೆ ಎಷ್ಟು ಸಾಲಾಗೈತೆ ನೋಡು’ ಎಂದಳು. ತನ್ನಿಂದಾಗದ ಕೆಲಸ ಬೇರೆ ಮುದುಕಿಗೆ ಆಯಿತೆಂಬ ಹೊಟ್ಟೆಯುರಿ ಆ ಮೆಚ್ಚುಗೆಯೊಳಗೆ ಇತ್ತೆಂದು ನನ್ನ ಅನುಮಾನ.

ನಾನು ಚಿತ್ರಕಲೆ ಓದಲು ಬೆಂಗಳೂರಿಗೆ ಹೋದೆ. ಅಲ್ಲಿ ನನ್ನ ಮೇಷ್ಟ್ರುಗಳು ಒಳ್ಳೆಯವರು, ಆದರೆ ಅವರಿಗೆ ನನ್ನಿಂದ ಒಂದೇ ಒಂದು ಬೇಕಾಗಿತ್ತು. ‘ನಿನ್ನೊಳಗಿನ ಆಫ್ರಿಕವನ್ನು ಹೊರಗೆ ತಾ’ ಎನ್ನುತ್ತಿದ್ದರು. ನಾನು ಒಳಗೆಲ್ಲ ಹುಡುಕಿ ನೋಡಿದೆ. ಹಿಪ್ಪುನೇರಳೆ ಸೊಪ್ಪು, ಹುಳು ಮೇಯುವಾಗ ಮಳೆ ಬಂದಂತೆ ಕೇಳುವ ಸದ್ದು, ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ಎತ್ತಿ ಬಿಸಿಲಿಗೆ ಒರಗಿಸುವ ತಾತ, ಇಷ್ಟೇ ಸಿಕ್ಕಿತು. ಅದನ್ನೇ ಬರೆದೆ. ‘ಇದು ಕನಕಪುರ ಆಯಿತಲ್ಲ’ ಎಂದರು ನಿರಾಶೆಯಿಂದ. ಮುಖವಾಡ ಬರೆದ ನನ್ನ ಸಹಪಾಠಿಗೆ, ಅವನು ಬೈರಮಂಗಲದವನು, ಆಫ್ರಿಕದ ಪ್ರಭಾವ ಚೆನ್ನಾಗಿದೆ ಎಂದು ಒಳ್ಳೆಯ ಅಂಕ ಬಂತು.

ಓದು ಮುಗಿಸಿ ನಾನು ಚನ್ನಪಟ್ಟಣಕ್ಕೆ ಬಂದು, ಒಂದು ಗೊಂಬೆ ಕಾರ್ಖಾನೆಯಲ್ಲಿ ಅರಗಿನ ಕೆಲಸ ಕಲಿಯಲು ಸೇರಿದೆ. ಕಾರ್ಖಾನೆ ಎಂದರೆ ದೊಡ್ಡದಲ್ಲ, ಹೆಂಚಿನ ಮನೆಯೊಂದರಲ್ಲಿ ಆರು ಯಂತ್ರಗಳು. ಮರದ ತುಂಡು ಯಂತ್ರಕ್ಕೆ ಸಿಕ್ಕಿ ಗರಗರ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆ ಗರಿಯಿಂದ ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಕಲಿಸಿದವರು ಮೇಸ್ತ್ರಿ. ಎಪ್ಪತ್ತರ ಹತ್ತಿರದವರು, ಬೆರಳುಗಳ ತುದಿಯಲ್ಲಿ ಒಂದೊಂದು ಬಣ್ಣ, ಮಾತಿನಲ್ಲಿ ಉಪ್ಪು ಖಾರ ಸರಿಯಾಗಿ.

ಅಲ್ಲಿ ಎಲ್ಲ ಕಡ್ಡಿಗಳಿಗೂ ಹೆಸರಿತ್ತು. ಕೆಂಪು, ಹಳದಿ, ಗಿಳಿ ಹಸಿರು. ಗುಲಾಬಿಗೂ ಕೆನೆಗೂ ನಡುವಿನ ಒಂದು ಬಣ್ಣದ ಕಡ್ಡಿಯನ್ನು ‘ಮೈಬಣ್ಣ’ ಎನ್ನುತ್ತಿದ್ದರು. ಗಂಡು ಗೊಂಬೆ, ಹೆಣ್ಣು ಗೊಂಬೆ, ಅಜ್ಜ, ಪೊಲೀಸು, ಯಾರೇ ಆಗಲಿ ಮುಖಕ್ಕೆ ಅದೇ.

‘ಮೇಸ್ತ್ರಿ, ಇದು ಯಾರ ಮೈ?’ ಎಂದು ಒಂದು ದಿನ ಕೇಳಿದೆ.

ಅವರು ಕನ್ನಡಕ ಏರಿಸಿ ಕಡ್ಡಿ ನೋಡಿದರು, ಕಾರ್ಖಾನೆಯಲ್ಲಿದ್ದ ಎಲ್ಲರನ್ನೂ ಒಂದು ಸುತ್ತು ನೋಡಿದರು, ತಮ್ಮ ಕೈ ನೋಡಿಕೊಂಡರು. ‘ನಲವತ್ತು ವರ್ಸದಿಂದ ಹಚ್ತಾ ಇದ್ದೀನಿ. ಇಂಗೆ ಯಾರೂ ಕೇಳಿರ್ಲಿಲ್ಲ ಕಣಮ್ಮ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಬಿಡದಿ ಫ್ಯಾಕ್ಟರಿಗೆ ಬತ್ತಾರಲ್ಲ ಹೊರದೇಸದೋರು, ಅವರದಿರಬೇಕು’ ಎಂದರು.

ಆ ವರ್ಷ ಮೈಸೂರು ರಸ್ತೆಯ ಒಂದು ಗೊಂಬೆ ಅಂಗಡಿಯವರು ಕುಟುಂಬದ ಗೊಂಬೆಗಳನ್ನು ಮಾಡಿಕೊಡಿ ಎಂದರು. ಅಪ್ಪ, ಅಮ್ಮ, ಮಗಳು, ಒಂದು ಪೆಟ್ಟಿಗೆಯಲ್ಲಿ ಮೂರು. ಮೇಸ್ತ್ರಿ ಅದನ್ನು ನನಗೆ ಒಪ್ಪಿಸಿದರು. ನಾನು ನನ್ನ ಮನೆಯನ್ನೇ ಮಾಡುತ್ತೇನೆಂದು ತೀರ್ಮಾನಿಸಿದೆ. ಅಮ್ಮನ ಬಣ್ಣ ಸುಲಭ, ಅರಿಶಿನದ ಜೊತೆ ಒಂದಿಷ್ಟು ಕಾಚು ಸೇರಿಸಿದರೆ ಬಂತು. ತೊಡಕಾದದ್ದು ಅಪ್ಪ. ನಮ್ಮಲ್ಲಿದ್ದ ಕಪ್ಪು ಅರಗು ಆನೆಗೆ, ಚಕ್ರಕ್ಕೆ ಬಳಿಯುವ ಕಪ್ಪು. ಅದನ್ನು ಬಳಿದರೆ ಅಪ್ಪ ಗಾಡಿಯ ಗಾಲಿಯಂತೆ ಕಂಡ. ಕಾಚು ಹೆಚ್ಚಿಸಿದರೆ ಇಟ್ಟಿಗೆ. ಮೇಸ್ತ್ರಿ ಬಂದು, ‘ಇದೇನಮ್ಮ, ನಿಮ್ಮಪ್ಪ ತಳ ಹಿಡ್ಕೊಂಡ್ಬುಟ್ಟವ್ರೆ’ ಎಂದರು.

ಕೊನೆಗೆ ಒಂದು ಶನಿವಾರ ಅಪ್ಪನನ್ನೇ ಕರೆಸಿದೆ. ಅವನನ್ನು ಬಾಗಿಲ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದೆವು. ಕೆಲಸದವರೆಲ್ಲ ಯಂತ್ರ ನಿಲ್ಲಿಸಿ ಸುತ್ತ ನಿಂತು, ಅಪ್ಪನ ಬಣ್ಣ ಯಾವುದೆಂದು ವಾದಕ್ಕೆ ಬಿದ್ದರು.

‘ಹಳೇ ಹುಣಸೇಹಣ್ಣು’ ಎಂದ ಒಬ್ಬ.

‘ಹುಣಸೆ ಅಲ್ಲ ಕಣ್ಲಾ, ಮಂಡ್ಯದ ಬೆಲ್ಲ. ಕೆನ್ನೆ ಮೇಲೆ ನೋಡು, ಕೆಂಪು ಐತೆ.’

‘ಬೆಲ್ಲ ಅಷ್ಟು ಕಪ್ಪಾಗಿದ್ರೆ ಯಾರ್ಲಾ ಕೊಳ್ತಾರೆ?’

ಅಪ್ಪ ಮದುಮಗನಂತೆ ಬೆನ್ನು ನೆಟ್ಟಗೆ ಮಾಡಿ ಕೂತು ಆನಂದಿಸುತ್ತಿದ್ದ. ‘ಮುದ್ದೆ ಅನ್ರಪ್ಪ, ಸಾಕು’ ಎಂದ. ಎಲ್ಲರೂ ನಕ್ಕರು. ಆದರೆ ಮೇಸ್ತ್ರಿ ನಗಲಿಲ್ಲ. ಬೇಯಿಸಿದ ರಾಗಿ ಹಿಟ್ಟಿನ ಆ ಕೆಂಗಂದು ಕಪ್ಪಿಗೆ ಯಾವುದು ಎಷ್ಟು ಸೇರಬೇಕೆಂದು ಅವರಿಗೆ ಹೊಳೆದಿತ್ತು. ಅರಗು ಕಾಯಿಸಿ, ಕಾಚು ಹಾಕಿ, ಒಂದು ಚಿಟಿಕೆ ಕಪ್ಪು, ಒಂದು ಚೂರು ಕೆಂಪು ಸೇರಿಸಿ ನಾದಿ ನಾದಿ, ಕಡ್ಡಿ ಎಳೆದು ಅಪ್ಪನ ಕೆನ್ನೆಯ ಪಕ್ಕ ಹಿಡಿದರು. ಕಡ್ಡಿ ಎಲ್ಲಿ ಮುಗಿಯಿತು, ಅಪ್ಪ ಎಲ್ಲಿ ಶುರುವಾದ ಎಂದು ಗೊತ್ತಾಗಲಿಲ್ಲ.

ಐದು ಪೆಟ್ಟಿಗೆ ಮಾಡಿದೆ. ಮಗಳ ತಲೆಗೆ ನುಣ್ಣನೆಯ ಕಪ್ಪು ಟೋಪಿಯಂಥ ಕೂದಲಿನ ಬದಲು ಚುಕ್ಕೆ ಚುಕ್ಕೆಯಾಗಿ ಅರಗು ಇಟ್ಟು ಗುಂಗುರು ತಂದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ.

ಹದಿನೈದು ದಿನಕ್ಕೆ ಐದೂ ವಾಪಸ್ಸು ಬಂದವು. ಅಂಗಡಿಯವರು ಒರಟಾಗಿ ಏನೂ ಹೇಳಲಿಲ್ಲ. ‘ಕೆಲಸ ಚೆನ್ನಾಗೈತೆ ಮೇಡಮ್. ಆದ್ರೆ ಇಷ್ಟು ಕಪ್ಪಾದ್ರೆ ಮಕ್ಕಳು ಎದುರ್ಕೊಳ್ತವೆ ಅಂತಾರೆ. ಅಪ್ಪ ಒಬ್ಬನ್ನ ಬದಲಾಯಿಸಿ ಕೊಟ್ಬುಡಿ, ಮಿಕ್ಕಿದ್ದೆಲ್ಲ ಓಕೆ’ ಎಂದರು.

ಅಪ್ಪ ಒಬ್ಬನನ್ನು ಬದಲಾಯಿಸಿ ಕೊಡಿ. ನಾನು ಪೆಟ್ಟಿಗೆಗಳನ್ನು ತಂದು ಕಾರ್ಖಾನೆಯ ಹಿಂದಿನ ಮರದ ಪುಡಿಯ ಗುಡ್ಡೆಯ ಮೇಲೆ ಕೂತು ಅತ್ತೆ. ಶಾಲೆಯಲ್ಲಿ ಅಳದೆ ಬಿಟ್ಟದ್ದೆಲ್ಲ ಸೇರಿ ಬಂದಿರಬೇಕು. ಮೇಸ್ತ್ರಿಯೇ ಅಪ್ಪನಿಗೆ ಫೋನ್ ಮಾಡಿದರಂತೆ. ಅವನು ಕನಕಪುರದಿಂದ ಸ್ಕೂಟರಿನಲ್ಲಿ ಬಂದು, ನನ್ನ ಪಕ್ಕ ಪುಡಿಯ ಮೇಲೆಯೇ ಕೂತು, ಒಂದು ಪೆಟ್ಟಿಗೆ ಬಿಚ್ಚಿ, ತನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿದ.

‘ಹೊಟ್ಟೆ ಇಷ್ಟು ದಪ್ಪ ಯಾಕೆ ಮಾಡಿದ್ದೀಯ?’ ಎಂದ.

ಆಮೇಲೆ ಗೊಂಬೆಯನ್ನು ಪೆಟ್ಟಿಗೆಗೆ ಹಾಕಿ, ಯಾವತ್ತೂ ಹೇಳದಿದ್ದ ಒಂದು ವಿಷಯ ಹೇಳಿದ. ‘ಮದುವೆ ಆದ್ಮೇಲೆ ಕನಕಪುರದಲ್ಲಿ ಬಾಡಿಗೆ ಮನೆ ನೋಡೋಕೆ ಹೋದೆವು. ಬೋರ್ಡ್ ನೇತಾಕಿರೋರು, ನನ್ನ ನೋಡಿ, ಈಗ್ತಾನೆ ಕೊಟ್ಬುಟ್ಟೊ ಅಂದ್ರು. ಒಂದಲ್ಲ, ಮೂರು ಮನೆ. ನಿಮ್ಮಮ್ಮ ರಸ್ತೇಲೇ ನಿಂತು ಅಳ್ತಾ ಇದ್ಳು.’

‘ನೀನು ಏನು ಮಾಡಿದೆ?’

‘ನಾಲ್ಕನೇ ಮನೆ ಕೇಳ್ದೆ.’

ಇಷ್ಟೇ. ಅದರಲ್ಲಿ ನೀತಿಪಾಠವೇನೂ ಇಲ್ಲವೆಂಬಂತೆ ಎದ್ದು ಪ್ಯಾಂಟಿನ ಪುಡಿ ಒದರಿಕೊಂಡ. ನಾಲ್ಕನೆಯ ಮನೆಯ ಮಾಲಕಿ ಕೊಟ್ಟದ್ದು ಧರ್ಮಕ್ಕಲ್ಲ, ನೆಲದೊಳಗಿನ ತೊಟ್ಟಿಗೆ ಇಳಿದು ನೀರು ಹೊರಲು ಗಟ್ಟಿಮುಟ್ಟಾದವನು ಬೇಕಾಗಿದ್ದ ಎಂದು ಅಮ್ಮ ಆಮೇಲೆ ಹೇಳಿದಳು.

ನಾನು ಅಪ್ಪನನ್ನು ಬದಲಾಯಿಸಲಿಲ್ಲ. ಪೆಟ್ಟಿಗೆ ಹೊತ್ತು ಅಂಗಡಿ ಅಂಗಡಿ ಸುತ್ತಿದೆ. ನಾಲ್ಕನೆಯದೂ ಬೇಡವೆಂದಿತು, ಐದನೆಯದೂ. ಆರನೆಯದು ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಅಂಗಡಿ. ಆ ಅಂಗಡಿಯ ಹೆಂಗಸು, ‘ಇಟ್ಟು ಓಗವ್ವ, ಕರ್ಚಾದ್ರೆ ಆಗ್ಲಿ’ ಎಂದು ಮಾರಾಟದ ಕೀಚೈನುಗಳ ಪಕ್ಕ ಜಾಗ ಮಾಡಿದರು.

ಮೂರು ವಾರದ ಮೇಲೆ ಹೋದೆ. ‘ಇನ್ನೂ ಐದು ಇದ್ರೆ ತತ್ತಾ’ ಎಂದರು. ನೋಡಿದರೆ ಅಮ್ಮಂದಿರು, ಹೆಣ್ಣುಮಕ್ಕಳು ಎಲ್ಲ ಅಲ್ಲೇ ನಿಂತಿದ್ದಾರೆ. ಐದು ಅಪ್ಪಂದಿರೂ ಮಾಯ.

‘ಇದೇನಕ್ಕ, ಅಪ್ಪನ್ನ ಒಬ್ಬನ್ನೇ ಮಾರಿದಿರಾ?’

‘ಅಪ್ಪನಾ? ನಾನು ರೈತನ ಗೊಂಬೆ ಅಂದ್ಕೊಂಡೆ ಕಣವ್ವ’ ಎಂದರು ಆಕೆ. ‘ಉಳುವವನು ಇಂಗೇ ಅಲ್ವಾ ಇರೋದು? ಸಾತನೂರಿನೋರೊಬ್ರು ಬಂದು, ಥೇಟ್ ನಮ್ಮಪ್ಪ ಕಣಮ್ಮ ಅಂತ ಎರಡು ತಗೊಂಡ್ರು. ಅವರ ಅಣ್ಣನಿಗೂ ಒಂದಂತೆ.’

ನಾನು ಅಂಗಡಿಯ ಬಾಗಿಲಲ್ಲೇ ನಿಂತೆ. ಬಸ್ಸಿನಿಂದ ಇಳಿಯುವವರನ್ನು, ಸೊಪ್ಪಿನ ಹೊರೆ ಇಳಿಸುವವರನ್ನು, ಟೀ ಕುಡಿಯುವವರನ್ನು ನೋಡಿದೆ. ಇಷ್ಟು ವರ್ಷ ಅಪ್ಪನ ಬಣ್ಣ ಎಲ್ಲಿಂದಲೋ ದೂರದಿಂದ ಬಂದದ್ದು ಎಂದು ಎಲ್ಲರೂ ಹೇಳಿದ್ದನ್ನು ನಾನೂ ನಂಬಿಕೊಂಡು ಬೆಳೆದಿದ್ದೆ. ಆ ಬಣ್ಣ ಅರ್ಧ ತಾಲ್ಲೂಕಿನ ಮೈಮೇಲೆ ಓಡಾಡುತ್ತಿತ್ತು. ಕೂದಲನ್ನು, ಮೂಗನ್ನು ಬೇಕಾದರೆ ಆಚೆಯದು ಎನ್ನಬಹುದಿತ್ತು.

ಇದನ್ನೆಲ್ಲ ಹೇಳಬೇಕೆಂದು ಅಪ್ಪನ ಹೊಸ ಗೊಂಬೆಯೊಂದನ್ನು ಮಾಡಿ, ಕೈಯಲ್ಲಿ ಹಿಡಿದು ಅಜ್ಜಿಯ ಹತ್ತಿರ ಹೋದೆ. ತಾತ ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಮಾವನ ಮಕ್ಕಳು ಅಂಗಳದಲ್ಲಿ ಗದ್ದಲ ಮಾಡುತ್ತಿದ್ದರು. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವಳು ಗೊಂಬೆ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಅದರ ಹಣೆ ಸವರಿದಳು.

‘ನಿಮ್ಮ ತಾತನ್ನ ಮಾಡಿದ್ದೀಯ’ ಎಂದಳು.

‘ಅಜ್ಜಿ, ಅದು ಅಪ್ಪ.’

‘ನಂಗೆ ಗೊತ್ತಿಲ್ವಾ? ನಲವತ್ತೆಂಟು ವರ್ಸ ಅನ್ನ ಇಕ್ಕಿದ್ದೀನಿ. ಮಧ್ಯಾನ ಸೊಪ್ಪು ಕುಯ್ಕೊಂಡು ಬಿಸಿಲಲ್ಲಿ ಬಂದು ನಿಂತ್ರೆ ಇಂಗೇ ಇರೋರು.’ ಆಮೇಲೆ ಗೊಂಬೆಯನ್ನು ಸ್ವಲ್ಪ ದೂರ ಹಿಡಿದು ನೋಡಿ, ‘ಅಳಿಮಯ್ಯನೂ ಇಂಗೇ ಅವ್ರೆ, ಅನ್ನು’ ಎಂದಳು. ಹೊಸದಾಗಿ ಕಂಡುಕೊಂಡವಳ ಧ್ವನಿ. ಅವರೆಕಾಯಿ ಹಾಗೇ ಬಿಟ್ಟು ಗೊಂಬೆಯನ್ನು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಕೂತಳು. ನಾನು ಹೊರಡುವಾಗ ಹತ್ತಿರ ಕರೆದು, ಮಾವನ ಮಕ್ಕಳಿಗೆ ಕೇಳಿಸದಂತೆ ಪಿಸುಗುಟ್ಟಿದಳು: ‘ನಂದೂ ಒಂದು ಮಾಡ್ಕೊಡು ಮಗ. ನಂಗೆ ಮಾತ್ರ ಒಸಿ ಬಣ್ಣ ಕಮ್ಮಿ ಹಾಕು.’

ಮಾಡಿಕೊಟ್ಟೆ. ಬಣ್ಣ ಕಮ್ಮಿ ಹಾಕಲಿಲ್ಲ. ಅವಳು ಮೂರು ದಿನ ಮುನಿಸಿಕೊಂಡಿದ್ದು, ಆಮೇಲೆ ಎರಡನ್ನೂ ಟಿ.ವಿ. ಮೇಲಿನ ಗೂಡಿನಲ್ಲಿ ಜೊತೆಗೆ ನಿಲ್ಲಿಸಿದಳು.

ಈಗ ಮೇಸ್ತ್ರಿಯ ಕಾರ್ಖಾನೆಯಲ್ಲಿ ಮೈಬಣ್ಣದ ಕಡ್ಡಿ ನಾಲ್ಕು ಬಗೆ. ಕುಟುಂಬದ ಪೆಟ್ಟಿಗೆಯೂ ಹೋಗುತ್ತದೆ, ರೈತನಷ್ಟಲ್ಲ. ಮೊದಲು ವಾಪಸ್ಸು ಮಾಡಿದ್ದ ಮೈಸೂರು ರಸ್ತೆಯ ಅಂಗಡಿಯವರೂ ರೈತನನ್ನು ಕೇಳಿ ತರಿಸಿಕೊಂಡಿದ್ದಾರೆ. ಕಳೆದ ತಿಂಗಳು ಅಪ್ಪ ಮೈಸೂರಿಗೆ ಹೋಗುತ್ತ ಸುಮ್ಮನೆ ಆ ಅಂಗಡಿಯೊಳಗೆ ಹೊಕ್ಕನಂತೆ. ಅವನ ಮುಖ ನೋಡಿ ಅಂಗಡಿಯವರು ಕುರ್ಚಿ ಎಳೆದು ಹಾಕಿ, ನೀರು ಕೊಟ್ಟು, ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ರೈತನ ಗೊಂಬೆಯನ್ನು ಅವನ ಕೈಗಿಟ್ಟು ಹೇಳಿದರಂತೆ: ‘ದಿಸ್ ಇಸ್ ಲೋಕಲ್ ಫಾರ್ಮರ್, ಸಾರ್. ವೆರಿ ಒರಿಜಿನಲ್. ಓನ್ಲಿ ಹಿಯರ್.’

‘ಔದಾ?’ ಎಂದನಂತೆ ಅಪ್ಪ. ‘ಅಂಗಾರೆ ಊರೋರಿಗೆ ಏನು ಕಮ್ಮಿ ಮಾಡ್ತೀರಾ?’

ಅಂಗಡಿಯವರು ಇಂಗ್ಲಿಷು ಬಿಟ್ಟು ಟೀ ತರಿಸಿದರಂತೆ. ಆಮೇಲೆ ಇಬ್ಬರೂ ಕೂತು ಟೀ ಕುಡಿದರು. ಮಾತು ಮಳೆ ಬೆಳೆಗೆ ಹೋಯಿತು, ಗೂಡಿನ ಧಾರಣೆಗೆ ಹೋಯಿತು. ಅವರ ಭಾಮೈದ ಬೈರಮಂಗಲದ ಕಡೆ ಹುಳು ಸಾಕಬೇಕೆಂದಿದ್ದಾನೆಂದು ಗೊತ್ತಾಗಿ, ಅಪ್ಪ ನಮ್ಮ ಚಾಕಿ ಕೇಂದ್ರದ ನಂಬರು ಬರೆದುಕೊಟ್ಟು ಬಂದ.